ಲಕ್ಕಯ್ಯನ ಕಿವಿಯ ಹಿಂದಿನ ಮೂಳೆ

ಕೊಬ್ಬರಿ ವ್ಯಾಪಾರದಲ್ಲಿ ಕಣ್ಣನ್ನು ನಂಬಿದವನು ಕೆಟ್ಟ. ತೆಂಗಿನಕಾಯಿಯನ್ನು ಮಟ್ಟೆಸಮೇತ ಅಟ್ಟಕ್ಕೆ ಸುರಿದು ಹೆಚ್ಚುಕಡಿಮೆ ಒಂದು ವರ್ಷ ಅದನ್ನು ಮರೆತಿರಬೇಕು. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಒಣಗಿ, ಚಿಪ್ಪು ಬಿಟ್ಟುಕೊಂಡು ಉಂಡೆಯಾಗಿ ಒಳಗೊಳಗೇ ಉರುಳಾಡಬೇಕು. ಅವಸರಪಟ್ಟು ಒಡೆದರೆ ಕೊಬ್ಬರಿ ಚಿಪ್ಪಿಗೇ ಕಚ್ಚಿಕೊಂಡು ಚೂರಾಗುತ್ತದೆ, ಬೂಷ್ಟು ಹಿಡಿಯುತ್ತದೆ. ತಡಮಾಡಿದರೆ ಕಮಟು ವಾಸನೆ. ಹೊರಗಿನಿಂದ ನೋಡಿದರೆ ಎಲ್ಲ ಕಾಯಿಯೂ ಒಂದೇ, ಮದುವೆ ಮನೆಗೆ ಬಂದ ನೆಂಟರ ಹಾಗೆ. ಒಳಗೆ ಯಾವುದು ಬಿಟ್ಟಿದೆ, ಯಾವುದು ಇನ್ನೂ ಕಚ್ಚಿಕೊಂಡಿದೆ ಎಂಬುದು ಕುಲುಕಿ ಕೇಳಿದವನಿಗೇ ಗೊತ್ತು.

ನಮ್ಮ ಕಡೆ ಹಾಗೆ ಕುಲುಕಿ ಕೇಳಿ ಹೇಳುವವನು ಕಟ್ಟಾಯದ ಲಕ್ಕಯ್ಯ. ಚನ್ನರಾಯಪಟ್ಟಣದ ನನ್ನ ಮಂಡಿಗೆ ಬರುವ ಕೊಬ್ಬರಿಯಲ್ಲಿ ಮುಕ್ಕಾಲು ಪಾಲು ಅವನ ಬಾಯಿಂದ ಮಾತು ಬಿದ್ದ ಮೇಲೇ ಅಟ್ಟದಿಂದ ಇಳಿಯುವುದು. ಅವನು ನನ್ನ ಕೆಲಸದವನೆಂದು ನಾನು ಅಂದುಕೊಂಡಿದ್ದೇನೆ. ನಾನು ಅವನ ಡ್ರೈವರ್ ಎಂದು ಅವನು ಅಂದುಕೊಂಡಿದ್ದಾನೆ. ಇಬ್ಬರೂ ಬಾಯಿಬಿಟ್ಟು ಹೇಳಿಲ್ಲವಾದ್ದರಿಂದ ವ್ಯವಹಾರ ಚೆನ್ನಾಗಿ ನಡೆದುಕೊಂಡು ಬಂದಿದೆ.

ಅವನು ಅಟ್ಟ ನೋಡುವ ಪರಿಯನ್ನು ಒಮ್ಮೆ ಕಂಡವರು ಮರೆಯುವುದಿಲ್ಲ. ಮನೆಗೆ ಬರುತ್ತಾನೆ, ಯಾರು ಏನು ಕೇಳಿದರೂ ಉತ್ತರವಿಲ್ಲ. ಟವಲು ಸೊಂಟಕ್ಕೆ ಬಿಗಿದು ಏಣಿ ಹತ್ತುತ್ತಾನೆ. ಮೂಲೆಮೂಲೆಯಿಂದ ಕಾಯಿ ಆರಿಸಿ, ಮಟ್ಟೆ ಸುಲಿದು, ಕಾಯನ್ನು ಬಲಗಿವಿಯ ಹಿಂದಿನ ಮೂಳೆಗೆ ಒತ್ತಿ ಹಿಡಿದು, ಕಣ್ಣು ಮುಚ್ಚಿ, ತಲೆಯನ್ನೂ ಕಾಯನ್ನೂ ಒಟ್ಟಿಗೇ ಕುಲುಕುತ್ತಾನೆ. ಗೊತ್ತಿಲ್ಲದವರು ಮೈಮೇಲೆ ಏನೋ ಬಂತೆಂದು ಕೈಮುಗಿಯಬೇಕು, ಹಾಗೆ. ಆಮೇಲೆ ಎರಡರಲ್ಲಿ ಒಂದು ಮಾತು: "ಇಳ್ಸಿ." ಇಲ್ಲವೇ, "ಬುಡಿ." ಯಾಕೆ, ಏನು, ಎಷ್ಟು ದಿನ ಎಂದು ಕೇಳಿದರೆ ಕೇಳಿಸಿಯೇ ಇಲ್ಲವೆಂಬಂತೆ ಚಪ್ಪಲಿ ಮೆಟ್ಟಿ ಹೊರಡುತ್ತಾನೆ.

ಈ ಗಾಂಭೀರ್ಯಕ್ಕೆ ನಾಕು ತಾಲೂಕಿನಲ್ಲಿ ಬೆಲೆಯಿತ್ತು. "ಲಕ್ಕಣ್ಣ ಮಾತಾಡಿದ್ರೆ ಮುತ್ತು ಉದ್ರಿದಂಗೆ" ಎನ್ನುತ್ತಿದ್ದರು ಅರಕಲಗೂಡಿನ ಕಡೆಯವರು. ಹೊಳೆನರಸೀಪುರದ ಸಿದ್ದೇಶ್ವರನಂತೂ ಲಕ್ಕಯ್ಯನ ಹಿಂದೆ ತಿರುಗಿ ವಿದ್ಯೆ ಕಲಿತು, ತಾನೂ ಕಾಯನ್ನು ಕಿವಿಯ ಹಿಂದಕ್ಕೇ ಒತ್ತಿ ತಲೆ ಕುಲುಕತೊಡಗಿದ. ಅವನನ್ನು ನೋಡಿ ಇನ್ನಷ್ಟು ಜನ. ಈಗ ನಮ್ಮ ಕಡೆ ಕಾಯಿ ನೋಡುವವರೆಲ್ಲರ ಕಿವಿಯ ಹಿಂದೆಯೂ ಕೂದಲು ಸವೆದಿರುತ್ತದೆ. ನಾನೂ ಒಂದು ಮಧ್ಯಾಹ್ನ ಮಂಡಿಯ ಹಿಂದೆ ನಿಂತು ಪ್ರಯತ್ನಿಸಿದೆ. ನನ್ನ ಹೆಂಡತಿ ನೋಡಿ, "ಹಲ್ಲುನೋವಾ?" ಎಂದಳು.

ಲಕ್ಕಯ್ಯನ ಅಪ್ಪ ಕೆಂಚಯ್ಯ ಇದೇ ಮನೆಗಳಿಗೆ ಕಾಯಿ ಹೊತ್ತವನು. ಮೂಟೆ ತಂದು ಅಂಗಳದಲ್ಲಿ ಇಳಿಸಿ ಅಲ್ಲೇ ನಿಲ್ಲಬೇಕಿತ್ತು. ಹೊಸಿಲು ದಾಟಿ ಅಟ್ಟಕ್ಕೆ ಸಾಗಿಸಲು ಮನೆಯವರೇ ಬೇರೆ ಆಳು ಕರೆಯುತ್ತಿದ್ದರು. ಆ ಮನೆಗಳಲ್ಲಿ ಇವತ್ತು ಮಗ ಬಂದನೆಂದರೆ ಯಜಮಾನರೇ ಏಣಿ ಹಿಡಿದು ನಿಲ್ಲುತ್ತಾರೆ. ಲಕ್ಕಯ್ಯ ಇದನ್ನು ಎಂದೂ ಎತ್ತಿ ಆಡಿದವನಲ್ಲ. ಆದರೆ ಏಣಿ ಹತ್ತುವಾಗ ಅವನು ಸ್ವಲ್ಪ ನಿಧಾನವಾಗಿಯೇ ಹತ್ತುತ್ತಿದ್ದ. ಹಿಡಿದವರ ಕೈ ನೋಯಲಿ ಎಂದಿರಬಹುದು. ನಾನು ಕೇಳಲು ಹೋಗಿಲ್ಲ.

ಹೊಳೆನರಸೀಪುರ ದಾಟಿ ಸ್ವಲ್ಪ ದೂರದಲ್ಲಿ ನಂಜಮ್ಮನವರ ಮನೆಯಿದೆ. ದೊಡ್ಡ ಹಿಡುವಳಿ, ಹಳೇ ಅಟ್ಟ. ಮಗ ಶಶಿಕುಮಾರ್ ಪೇಟೆಯಲ್ಲಿ ಸಿಮೆಂಟ್ ಅಂಗಡಿ ನಡೆಸಿದರೆ, ತೋಟವನ್ನೂ ಅಟ್ಟದ ಬೀಗವನ್ನೂ ನಂಜಮ್ಮ ಬಿಟ್ಟುಕೊಟ್ಟಿಲ್ಲ. ಅವತ್ತು ಬೆಳಿಗ್ಗೆ ನಾನು, ಲಕ್ಕಯ್ಯ, ಸಿದ್ದೇಶ್ವರ ಮೂವರೂ ಅಲ್ಲಿಗೆ ಹೋಗಿದ್ದೆವು. ಕಾಯಿ ಇನ್ನೂ ಒಣಗಿರಲಿಕ್ಕಿಲ್ಲ, ಸುಮ್ಮನೆ ನೋಡಿಹೋಗೋಣ ಎಂಬಷ್ಟೇ ಉದ್ದೇಶ. ಲಕ್ಕಯ್ಯ ಹತ್ತಿದ. ನಾವು ಕೆಳಗೆ ಕೂತೆವು. ಕಾಫಿ ಬಂತು. ಅವನದು ಆರಿತು. ಮೇಲಿಂದ ಸದ್ದೇ ಇಲ್ಲ.

"ಏನ್ಲಾ ಇದು? ನಮ್ಮಟ್ಟದಾಗೆ ತಪಸ್ಸು ಕುಂತ್ಬುಟ್ನಾ ಎಂಗೆ?" ಎಂದರು ನಂಜಮ್ಮ.

"ಸುಮ್ಕಿರವ್ವ," ಎಂದು ಸಿದ್ದೇಶ್ವರ ಪಿಸುಗುಟ್ಟಿದ, "ಕಾಯಿ ಮಾತಾಡುಸ್ತಾವ್ನೆ ಗುರು."

ಇನ್ನೂ ಸ್ವಲ್ಪ ಹೊತ್ತು ಭಕ್ತಿಯಿಂದ ಕಾದೆವು. ವ್ಯಾಪಾರಸ್ಥನಿಗೆ ಭಕ್ತಿ ಬಹಳ ಹೊತ್ತು ನಿಲ್ಲುವುದಿಲ್ಲ. ನಾನೇ ಏಣಿ ಹತ್ತಿ ತಲೆ ತೂರಿಸಿದೆ. ಲಕ್ಕಯ್ಯ ಕಾಯಿ ರಾಶಿಯ ಮೇಲೆ ಕೂತು, ಎರಡು ಕೈಯಲ್ಲೂ ತೊಲೆ ತಬ್ಬಿಕೊಂಡಿದ್ದ. ಮುಖ ಬಿಳಿಚಿತ್ತು.

"ಸಾವ್ಕಾರ್ರೆ, ಮನೆ ತಿರುಗ್ತೈತೆ. ಒಸಿ ಇಡ್ಕಳಿ."

"ಮನೆ ಹಿಡ್ಕೊಳ್ಳಕ್ಕೆ ನನ್ ಕೈಲಾಗಲ್ಲ ಲಕ್ಕಣ್ಣ. ನಿನ್ನ ಹಿಡ್ಕೊತೀನಿ, ಬಾ."

ಅವನ ಬಲಗಿವಿಯಲ್ಲಿ ಹತ್ತಿ ತುರುಕಿತ್ತು. ಹತ್ತಿರ ಹೋದಾಗ ಬೆಳ್ಳುಳ್ಳಿ ಕಾಯಿಸಿದ ಎಣ್ಣೆಯ ವಾಸನೆ, ಅದರ ಅಡಿಯಲ್ಲಿ ಇನ್ನೊಂದು ಕೆಟ್ಟ ವಾಸನೆ. ಸಿದ್ದೇಶ್ವರ ಕೆಳಗಿನಿಂದ ಕಾಲು ಹಿಡಿದು ಒಂದೊಂದೇ ಮೆಟ್ಟಿಲಿಗೆ ಇಟ್ಟ. ನಾನು ಮೇಲಿಂದ ರಟ್ಟೆ ಹಿಡಿದೆ. ನಂಜಮ್ಮ ಏಣಿ ಬಿಗಿಹಿಡಿದು ನಿಂತಿದ್ದರು.

"ಅಟ್ಟದಿಂದ ಕಾಯಿ ಇಳ್ಸಾದು ನೋಡಿದ್ದೆ. ಕಾಯಿ ನೋಡೋನ್ನೇ ಇಳ್ಸಾದು ಇವತ್ತೇ ಕಣಪ್ಪ ನೋಡಿದ್ದು," ಎಂದರು. ಆಮೇಲೆ ನನ್ನತ್ತ ತಿರುಗಿ, "ಈ ಅಟ್ಟಕ್ಕೆ ಬ್ಯಾರೆಯೋರ್ನ ಕರ್ಕೊಂಡ್ ಬರ್ಬ್ಯಾಡಿ. ಕಾಯಿಗೆ ಟೈಮೈತೆ. ಅವ್ನು ಉಷಾರಾಗಿ ಅವ್ನೇ ಬರ್ಲಿ."

ಕಟ್ಟಾಯದ ಅವನ ಮನೆಗೆ ಕರೆದುಕೊಂಡು ಹೋದಾಗ ಹೆಂಡತಿ ಮಾರಮ್ಮ ಬಾಗಿಲಲ್ಲೇ ಎಲ್ಲ ಒಪ್ಪಿಸಿಬಿಟ್ಟಳು.

"ನಾನು ಲಗ್ನವಾಗಿ ಬಂದಾಗ್ಲಿಂದ ಈವಯ್ಯನ ಕಿವಿ ಸೋರ್ತೈತೆ ಸಾವ್ಕಾರ್ರೆ. ನಮ್ಮತ್ತೆ ಎಣ್ಣೆ ಬುಡ್ತಿದ್ರು, ಅವ್ರು ಓದ್ಮೇಲೆ ನಾನು ಬುಡ್ತೀನಿ. ಇವತ್ತು ಬಿಸಿ ಒಸಿ ಜಾಸ್ತಿ ಆಗೋಯ್ತು."

"ಕಿವಿ ಕೇಳುತ್ತಾ ಇವ್ನಿಗೆ?"

ಅವಳು ನನ್ನನ್ನು ಪೆದ್ದನನ್ನು ನೋಡುವ ಹಾಗೆ ನೋಡಿದಳು. "ಎಲ್ಲಿ ಕೇಳ್ತೈತೆ? ಬಲಗಿವಿ ಓಗಿ ಯಾವ್ ಕಾಲ ಆಯ್ತೋ. ಎಡದ್ದೂ ಈಗ ಅಷ್ಟಕ್ಕಷ್ಟೆ. ನಮ್ಮನೇಲಿ ಗುಟ್ಟು ಅನ್ನಾದೇ ಇಲ್ಲ. ಉಪ್ಪಾಗೋಗೈತೆ ಅಂತ ಈವಯ್ಯಂಗೆ ಯೋಳುದ್ರೆ ಕಟ್ಟಾಯಕ್ಕೆಲ್ಲ ಗೊತ್ತಾಯ್ತದೆ. ಮಗ್ಳು ಫೋನ್ ಮಾಡುದ್ರೆ ಊಂ ಊಂ ಅಂದು ನನ್ ಕೈಗೆ ಕೊಟ್ಬುಡ್ತಾನೆ. ಏನಂದ್ಲು ಅಂತ ಆಮೇಲೆ ನನ್ನ ಕೇಳ್ತಾನೆ."

ಎಲ್ಲರೂ ಮೆಚ್ಚಿದ ಗಾಂಭೀರ್ಯ ಎಲ್ಲಿಂದ ಬಂದಿತ್ತೆಂದು ಆಗ ತಿಳಿಯಿತು. ಮುತ್ತು ಉದುರಿಸುವವನೆಂದು ಹೆಸರಾದವನು ಬರೀ ಪ್ರಶ್ನೆ ಕೇಳಿಸದವನಾಗಿದ್ದ. ಆದರೆ ನನಗೆ ಒಂದು ಬಗೆಹರಿಯಲಿಲ್ಲ. ಬಲಗಿವಿ ಕೆಟ್ಟಿದ್ದರೆ ಆ ಕಡೆಗೇ ಕಾಯಿ ಒತ್ತಿ ಇಷ್ಟು ವರ್ಷ ಅವನು ಕೇಳಿದ್ದಾದರೂ ಏನು? ಅವನ ಮಾತು ತಪ್ಪಿದ್ದನ್ನು ನಾನಂತೂ ಕಂಡಿರಲಿಲ್ಲ. ನನ್ನ ಕೊಬ್ಬರಿಯೇ ಸಾಕ್ಷಿ.

ಆಸ್ಪತ್ರೆ ಎಂದ ಕೂಡಲೇ ಲಕ್ಕಯ್ಯ ಗೋಡೆ ಕಡೆ ತಿರುಗಿ ಮಲಗಿದ. ಕಟ್ಟಾಯದಾಚೆಗೂ ಗೊತ್ತಾಗುತ್ತದೆ ಎಂಬುದೇ ಅವನ ಕಷ್ಟ. ಕಿವುಡ ಕಾಯಿ ಕೇಳುತ್ತಾನೆಂದರೆ ಯಾರು ಏಣಿ ಹಿಡಿದಾರು? ನಾನು ಅವನ ಎಡಗಡೆಗೆ ಹೋಗಿ, ಅಂಗಡಿಯಲ್ಲಿ ಗಿರಾಕಿ ಎದ್ದು ಹೊರಟಾಗ ಆಡುವ ದನಿಯಲ್ಲಿ ಗಟ್ಟಿಯಾಗಿ ಹೇಳಿದೆ: "ಆಗ್ಲಿ ಬಿಡು. ನಂಜಮ್ಮನ ಅಟ್ಟಕ್ಕೆ ಸಿದ್ದೇಶನ್ನೇ ಕಳಿಸ್ತೀನಿ."

ಲಕ್ಕಯ್ಯ ಎದ್ದು ಕೂತ. "ಆ ನನ್ಮಗ ಯಾವ್ ಕಿವೀಲಿ ಕೇಳ್ತಾನೆ? ನಡೀರಿ ಓಗಾಣ."

ಹಾಸನದ ದೊಡ್ಡಾಸ್ಪತ್ರೆಯಲ್ಲಿ ಕಿವಿ, ಮೂಗು, ಗಂಟಲಿನ ಡಾಕ್ಟರ್ ಮಾನಸಾ ಎಂಬ ಹೆಣ್ಣುಮಗಳು. ವಯಸ್ಸು ಚಿಕ್ಕದು, ಮಾತು ನೇರ, ಕಿವುಡರ ಜೊತೆ ಆಡಿ ಆಡಿ ದನಿಯೂ ಗಟ್ಟಿ. ಗಾಡಿ ಓಡಿಸಿಕೊಂಡು ಬಂದ ಸಿದ್ದೇಶ್ವರನೂ ಸೇರಿ ನಾವು ನಾಲ್ವರು ಒಳಗೆ ನುಗ್ಗಿದ್ದು ನೋಡಿ, "ಕಿವಿ ಯಾರದು?" ಎಂದರು. ಸಣ್ಣ ಕೊಳವೆ ಹಾಕಿ ಕಿವಿಯೊಳಗಿನ ಕೀವನ್ನು ಎಳೆದು ತೆಗೆದರು. "ಎಣ್ಣೆ ಯಾರು ಬಿಟ್ಟಿದ್ದು?" ಎಂದಾಗ ನಾವೆಲ್ಲ ಮಾರಮ್ಮನನ್ನು ನೋಡಿದೆವು. ಮಾರಮ್ಮ ತೀರಿಕೊಂಡ ಅತ್ತೆಯ ಮೇಲೆ ಹಾಕಿದಳು.

ಆಮೇಲೆ ಕಿವಿಗೆ ಕ್ಯಾಮೆರಾ ಹಿಡಿದು ಟೀವಿಯಲ್ಲಿ ತೋರಿಸಿದರು. ಕಿವಿಯ ತಮಟೆ ಇರಬೇಕಾದ ಕಡೆ ದೊಡ್ಡ ತೂತು, ಅದರಾಚೆ ಕೆಂಪಗೆ ಊದಿದ ಗೂಡು. ತನ್ನ ಕಿವಿಯೊಳಗನ್ನು ಮೊದಲ ಸಲ ನೋಡಿದ ಲಕ್ಕಯ್ಯ, "ನಮ್ ಬಚ್ಚಲು ಮೋರಿ ಇದ್ದಂಗೈತಲ್ಲ ಮೇಡಮ್ಮೋರೆ," ಎಂದ.

"ಮೋರಿಗಾದ್ರೂ ನೀವು ಬಿಸಿ ಎಣ್ಣೆ ಹಾಕಿರಲ್ಲ," ಎಂದರು ಡಾಕ್ಟರ್. ತಮಟೆಯ ಹಿಂದೆ ಒಂದಕ್ಕೊಂದು ಕೊಂಡಿ ಹಾಕಿದ ಹಾಗೆ ಅಕ್ಕಿಕಾಳಿನಂಥ ಪುಟ್ಟ ಮೂಳೆಗಳಿರುತ್ತವಂತೆ. ತಮಟೆ ಅದುರಿದರೆ ಅವು ಅದುರಿ, ಸದ್ದನ್ನು ಒಳಗಿವಿಗೆ ದಾಟಿಸಬೇಕು. ಇವನಿಗೆ ತಮಟೆಯೂ ತೂತು, ವರ್ಷಗಟ್ಟಲೆ ಕೀವು ತಿಂದು ನಡುವಿನ ಮೂಳೆಯೂ ಸವೆದಿರಬೇಕು ಎಂದರು. ತೂತಿನಿಂದ ಬಿಸಿ ಎಣ್ಣೆ ಒಳಗೆ ತಾಗಿದ್ದರಿಂದಲೇ ತಲೆ ತಿರುಗಿದ್ದು.

"ಒಳಗಿವಿ ಚೆನ್ನಾಗಿದೆಯಾ ಇಲ್ವಾ, ಅದು ಮುಖ್ಯ," ಎನ್ನುತ್ತ ಅವರು ಎರಡು ಕಾಲಿನ ಕವೆಯಂಥ ಒಂದು ಲೋಹದ ಕಡ್ಡಿ ತೆಗೆದು ಮೊಣಕೈಗೆ ತಟ್ಟಿದರು. ಅದು ಸಣ್ಣಗೆ ಗುಂಯ್‌ಗುಟ್ಟಿತು. ಅದರ ಬುಡವನ್ನು ಲಕ್ಕಯ್ಯನ ಬಲಗಿವಿಯ ಹಿಂದಿನ ಮೂಳೆಗೆ ಒತ್ತಿ ಹಿಡಿದರು. ಆಮೇಲೆ ತೆಗೆದು ಕಿವಿಯ ಮುಂದೆ ಗಾಳಿಯಲ್ಲಿ ಹಿಡಿದರು.

"ಹಿಂದೆ ಜೋರೋ, ಮುಂದೆ ಜೋರೋ?"

"ಇಂದ್ಗಡೆ! ಮುಂದೆ ಏನೂ ಇಲ್ಲ."

ಮತ್ತೆ ತಟ್ಟಿ ಹಣೆಯ ನಡುವೆ ಇಟ್ಟರು. ಲಕ್ಕಯ್ಯನ ಕಣ್ಣು ಅಗಲವಾಯಿತು. "ಕೆಟ್ಟಿರೋ ಕಿವಿಗೇ ಜೋರಾಗಿ ಕೇಳ್ತೈತಲ್ಲವ್ವ!"

"ಹೌದಲ್ವಾ? ಅಂದ್ರೆ ಒಳಗಿವಿ ಗಟ್ಟಿಯಾಗಿದೆ. ಬಾಗಿಲು ಕೆಟ್ಟಿದೆ, ಮನೆ ಕೆಟ್ಟಿಲ್ಲ. ಗಾಳಿಯಿಂದ ಬರೋ ಸದ್ದಿಗೆ ದಾರಿ ಇಲ್ಲ. ತಲೆಬುರುಡೆ ಮೂಳೆಯಿಂದ ನೇರವಾಗಿ ಹೋದ್ರೆ ಕೇಳುತ್ತೆ."

"ಅದ್ಕೇ ಮತ್ತೆ ನಾನು ಕಾಯ ಅಲ್ಗೇ ಇಟ್ಕಳಾದು," ಎಂದ ಲಕ್ಕಯ್ಯ, ಇದರಲ್ಲೇನು ಹೊಸದು ಎಂಬಂತೆ. "ಮುಂದೆ ಇಡುದ್ರೆ ಕಾಯಿ ಮೂಗಿ. ಇಂದೆ ಒತ್ತುದ್ರೆ ಮಾತಾಡ್ತೈತೆ."

ನಾನು ಸಿದ್ದೇಶ್ವರನನ್ನು ನೋಡಿದೆ. ಅವನು ತನ್ನ ಕಿವಿಯ ಹಿಂದಕ್ಕೆ ಕೈ ಒಯ್ದು ನಿಂತಿದ್ದ. ನಾಕು ತಾಲೂಕಿನ ಗಟ್ಟಿಕಿವಿಯ ಗಂಡಸರು ಒಬ್ಬನ ತೂತುಬಿದ್ದ ತಮಟೆಯನ್ನು ವಿದ್ಯೆಯೆಂದು ಕಲಿತು ತಲೆ ಕುಲುಕುತ್ತಿದ್ದರು.

"ಅಂಗಾರೆ ನನ್ ಕಿವೀನೂ ತೂತಾಗೈತಾ ಮೇಡಂ?" ಎಂದು ಸಿದ್ದೇಶ್ವರ ತನ್ನ ಕಿವಿಯನ್ನೂ ಮುಂದೆ ಮಾಡಿದ.

ಡಾಕ್ಟರು ನೋಡಿದರು. "ನಿಮ್ದು ಕನ್ನಡಿ ಇದ್ದಂಗಿದೆ. ನೀವ್ಯಾಕೆ ಹಿಂದೆ ಇಟ್ಕೋತೀರಿ?"

"ಗುರು ಇಟ್ಕತಾನಲ್ಲ, ಅದ್ಕೇ."

ಸದ್ದು ಬಾರದ ಕೋಣೆಯಲ್ಲಿ ಕೂರಿಸಿ ಕಿವಿಗೆ ಯಂತ್ರ ಹಾಕಿ ಕೇಳಿಸುವ ಪರೀಕ್ಷೆ ಮಾಡಿದರು. ಸ್ಕ್ಯಾನ್ ಮಾಡಿದರು. ರೋಗ ಮೂಳೆಯೊಳಗೆ ಸ್ವಲ್ಪ ಹರಡಿದೆ, ಒಳಗಿವಿಗೆ ಇನ್ನೂ ಹೋಗಿಲ್ಲ. ಎಡಗಿವಿಯದು ಸಣ್ಣ ತೂತು, ಅದನ್ನು ಆಮೇಲೆ ನೋಡೋಣ. ಮೊದಲು ಹನಿ ಔಷಧಿ ಹಾಕಿ ಬಲಗಿವಿಯನ್ನು ಒಣಗಿಸಬೇಕು, ಆಮೇಲೆ ಆಪರೇಷನ್. ಕಿವಿಯ ಹಿಂದೆ ಕೊಯ್ದು, ಕೆಟ್ಟಿದ್ದನ್ನೆಲ್ಲ ಕೆರೆದು ತೆಗೆದು, ಅಲ್ಲೇ ಮೇಲಿನ ಮಾಂಸಖಂಡದ ಹೊದಿಕೆಯಿಂದ ಒಂದು ತೆಳುಪದರ ತೆಗೆದು ತೂತಿಗೆ ತೇಪೆ ಹಾಕುತ್ತಾರೆ. ಸವೆದ ಮೂಳೆಯ ಜಾಗಕ್ಕೆ ಪುಟ್ಟದೊಂದು ಕೃತಕ ಕೊಂಡಿ.

ಲಕ್ಕಯ್ಯ ಎಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದ. ನನ್ನ ಜೊತೆ ಇಷ್ಟು ವರ್ಷ ಓಡಾಡಿದ್ದಕ್ಕೆ ಸಾರ್ಥಕವೆನಿಸುವಂಥ ಪ್ರಶ್ನೆ. "ಮೂಳೇಲಿ ಕೇಳಾದು ಈಗ ಐತೆ. ಕುಯ್ದ್ಮೇಲೆ ಅದೂ ಓದ್ರೆ?"

ಡಾಕ್ಟರ್ ಮಾನಸಾ ಸುಳ್ಳು ಹೇಳಲಿಲ್ಲ. "ಅಪರೂಪಕ್ಕೆ ಹಾಗಾಗೋದುಂಟು. ತುಂಬಾ ಅಪರೂಪ. ಆದ್ರೆ ಸುಮ್ನೆ ಬಿಟ್ರೆ ರೋಗ ತಾನೇ ಅಲ್ಲಿಗೆ ಹೋಗುತ್ತೆ. ಈ ಸಲ ಎಣ್ಣೆಗೆ ತಿರುಗಿದ ತಲೆ ಆಮೇಲೆ ರೋಗಕ್ಕೇ ತಿರುಗುತ್ತೆ. ಇದು ಮೊದಲ ನೋಟೀಸು ಅಂದ್ಕೊಳ್ಳಿ."

ಹೊರಗೆ ಬೆಂಚಿನ ಮೇಲೆ ಕೂತೆವು. ಲಕ್ಕಯ್ಯ ಕಾಲಬೆರಳು ನೋಡಿಕೊಂಡು ಮಾತಾಡಿದ.

"ಇರೋದು ಇದೊಂದು ಮೂಳೆ ಸಾವ್ಕಾರ್ರೆ. ಇದೂ ಓದ್ರೆ ನಾನೂ ನಮ್ಮಪ್ಪನಂಗೆ ಅಂಗ್ಳದಾಗೆ ನಿಂತ್ಕಬೇಕು. ಒಳಿಕ್ಕೆ ಯಾರ್ ಕರೀತಾರೆ?"

ಕೈಯಲ್ಲಿರುವ ಸರಕನ್ನು ಪಣಕ್ಕಿಟ್ಟು ಕಾಣದ ಸರಕಿಗೆ ಕೈ ಹಾಕು ಎಂದು ಬೇರೆಯವನಿಗೆ ಹೇಳುವುದು ಸುಲಭ. ನನಗೆ ಹೇಳಲಾಗಲಿಲ್ಲ. ಹೇಳಿದ್ದು ಮಾರಮ್ಮ. ಅವಳು ಅವನ ಬಲಕ್ಕೆ ಕೂತಿದ್ದಳು. ಕಟ್ಟಾಯಕ್ಕೆಲ್ಲ ಕೇಳುವ ಗಂಟಲಿನವಳು, ಸೆರಗಿನ ತುದಿ ಸುತ್ತುತ್ತ, ಮೆತ್ತಗೆ, ಯಾರಿಗೂ ಅಲ್ಲವೆಂಬಂತೆ ಹೇಳಿದಳು: "ಅಟ್ಟದ್ ಮೇಲಿಂದ ಬಿದ್ದೋಗ್ಬುಟ್ರೆ ನಂಗ್ಯಾರವ್ರೆ?"

ಅವಳ ತುಟಿ ಅಲುಗಿದ್ದು ಕಂಡು ಲಕ್ಕಯ್ಯ ತಿರುಗಿದ. "ಏನಂದೆ?"

"ಏನೂ ಇಲ್ಲ."

"ಏನೋ ಅಂದ್ಯಲ್ಲ? ಜೋರಾಗ್ ಯೋಳು."

"ಜೋರಾಗ್ ಯೋಳೋ ಮಾತಲ್ಲ ಬುಡು."

ಅವನು ನನ್ನನ್ನು ನೋಡಿದ. ನಾನು ಗೋಡೆಯ ಮೇಲಿನ ಬೋರ್ಡು ಓದತೊಡಗಿದೆ. ಇನ್ನೊಂದೆರಡು ಸಲ ಕೇಳಿದ. ಅವಳು ಬಾಯಿ ಬಿಡಲಿಲ್ಲ. ಕೊನೆಗೆ ಎದ್ದು ಪಂಚೆ ಕೊಡವಿಕೊಂಡು, "ಕುಯ್ಲಿ ಅತ್ಲಾಗೆ," ಎಂದು ಡಾಕ್ಟರ ಬಾಗಿಲು ತಳ್ಳಿದ.

ಅವನೇ ಎಲ್ಲಿ ಎಣ್ಣೆ ಕಾಯಿಸಿ ಬಿಟ್ಟುಕೊಳ್ಳುತ್ತಾನೋ ಎಂದು, ಕಿವಿ ಒಣಗುವವರೆಗೆ ಮಾರಮ್ಮ ಬೆಳ್ಳುಳ್ಳಿಯನ್ನು ಮನೆಯಲ್ಲಿ ಎಲ್ಲಿಟ್ಟಿದ್ದಾಳೆಂದು ಅವನಿಗೆ ಹೇಳಲಿಲ್ಲ. ಸ್ನಾನಕ್ಕೆ ಮುಂಚೆ ಹತ್ತಿಗೆ ವ್ಯಾಸಲೀನ್ ಸವರಿ ತಾನೇ ಕಿವಿಗೆ ಇಡುತ್ತಿದ್ದಳು. ಆಪರೇಷನ್ನಿನ ದಿನ ಆ ಜಾಗವನ್ನಷ್ಟೇ ಮರಗಟ್ಟಿಸಿ, ಅರೆನಿದ್ದೆಯಲ್ಲಿ ಮಲಗಿಸಿ ಮಾಡಿದರು. ಹೊರಗೆ ಬಂದಾಗ ತಲೆಗೆ ಪೇಟದಂಥ ಬ್ಯಾಂಡೇಜು. "ಎಂಗಿತ್ತು?" ಎಂದು ಎಡಗಿವಿಗೆ ಕೂಗಿದೆ.

"ಚಿಪ್ಪು ಒಡ್ಯೋ ಮಿಷನ್ನ ತಲೇಲೇ ಇಕ್ಕಿದ್ರು. ಎಲ್ಲ ಮೂಳೇಲೇ ಕೇಳುಸ್ತು," ಎಂದ. ಹೆಮ್ಮೆಯಿಂದಲೇ ಹೇಳಿದ.

ಅವನಿಗೆ ಹಾಕಿದ ಕಟ್ಟಲೆಗಳು ಬಹಳ. ಮೂಗು ಜೋರಾಗಿ ಸೀಟುವಂತಿಲ್ಲ. ಭಾರ ಎತ್ತುವಂತಿಲ್ಲ. ಏಣಿ ಹತ್ತುವಂತಿಲ್ಲ. ಸೀನು ಬಂದರೆ ತಡೆಯದೆ ಬಾಯಿ ತೆರೆದೇ ಸೀನಬೇಕು. ಇದನ್ನು ಮಾತ್ರ ಅವನು ಶ್ರದ್ಧೆಯಿಂದ ಪಾಲಿಸಿದ. ಅವನು ಸೀನಿದಾಗಲೆಲ್ಲ ಕೇರಿಯ ಕೋಳಿಗಳು ಹಿತ್ತಲಿಗೆ ಓಡುತ್ತಿದ್ದವಂತೆ. ಆಪರೇಷನ್ನಿನಲ್ಲಿ ಕಿವಿಯೊಳಗೆ ತುಂಬಿದ್ದ ಬಟ್ಟೆಪಟ್ಟಿ ತೆಗೆದ ಮೇಲೂ ಮೊದಮೊದಲು ಏನೂ ಕೇಳಲಿಲ್ಲ. ಗಾಯ ಆರುವವರೆಗೆ ತಾಳಿ ಎಂದರು ಡಾಕ್ಟರು. ಲಕ್ಕಯ್ಯ ತಾಳಿದ. ಆದರೆ ತಾಳುವವನ ಮುಖ ನೋಡಲು ನನಗಾಗುತ್ತಿರಲಿಲ್ಲ. ಸಿದ್ದೇಶ್ವರ ಬೇರೆ ಬೇರೆ ಅಟ್ಟಗಳ ಸುದ್ದಿ ತರುತ್ತಿದ್ದ. ಅವನೀಗ ಕಾಯನ್ನು ಕಿವಿಯ ಮುಂದೆ ಹಿಡಿಯತೊಡಗಿದ್ದ. ಚೆನ್ನಾಗಿಯೇ ಕೇಳುತ್ತದೆ ಎಂದು ಗುರುವಿನ ಎದುರು ಹೇಳುವ ಧೈರ್ಯ ಮಾತ್ರ ಮಾಡಲಿಲ್ಲ.

ಕೆಲವು ತಿಂಗಳಾದ ಮೇಲೆ ಮತ್ತೆ ಡಾಕ್ಟರ್ ಮಾನಸಾ ಅದೇ ಕವೆಯನ್ನು ತಟ್ಟಿದರು. ಮೂಳೆಗೆ ಒತ್ತಿದರು, ಆಮೇಲೆ ಕಿವಿಯ ಮುಂದೆ ಹಿಡಿದರು. ಮಾರಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದಿದ್ದಳು.

"ಎಲ್ಲಿ ಜೋರು?"

ಲಕ್ಕಯ್ಯ ಕಣ್ಣು ಮುಚ್ಚಿದ. "ಇನ್ನೊಂದ್ ದಪ ಇಡೀರವ್ವ," ಎಂದ. ಇನ್ನೊಮ್ಮೆ ಹಿಡಿದರು.

"ಮುಂದೆ," ಎಂದ. ಆಮೇಲೆ ಗಟ್ಟಿಯಾಗಿ, "ಮುಂದೆ ಕಣ್ರವ್ವ!"

ಕೇಳಿಸುವ ಪರೀಕ್ಷೆಯ ಗೆರೆಯೂ ಮೇಲೇರಿತ್ತು. ಪೂರ್ತಿ ಅಲ್ಲ, ಆದರೆ ಮಾತುಕತೆಗೆ ಧಾರಾಳ. ವಾಪಸು ಬರುವಾಗ ದಾರಿಯುದ್ದಕ್ಕೂ ಲಕ್ಕಯ್ಯನಿಗೆ ಎಲ್ಲದರ ಮೇಲೂ ದೂರು. ನನ್ನ ಗಾಡಿ ಕಿರುಗುಟ್ಟುತ್ತದಂತೆ. ಸಿದ್ದೇಶ್ವರ ಮೂಗಿನಲ್ಲಿ ಹಾಡುತ್ತಾನಂತೆ. ಮನೆ ತಲುಪಿದಾಗ ಮಾರಮ್ಮ ಹಳೇ ರೂಢಿಯಲ್ಲೇ, "ಕಾಫಿ ಕುಡಿತೀಯಾ!" ಎಂದು ಕೂಗಿದಳು. "ಯಾಕಮ್ಮಿ ಅಂಗ್ ಬಡ್ಕತೀಯ? ಕಿವಿ ತಮಟೆ ಅರ್ದೋದಾತು!" ಎಂದ. ಅವಳು ನಕ್ಕು ನಕ್ಕು ಹೊಸಿಲ ಮೇಲೇ ಕೂತಳು.

ಇಲ್ಲಿಗೆ ಮುಗಿಯಿತೆಂದು ನಾನು ಲೆಕ್ಕ ಹಾಕಿದೆ. ಮುಗಿದಿರಲಿಲ್ಲ. ಮಾರನೆಯ ವಾರ ಲಕ್ಕಯ್ಯ ಮಂಡಿಗೆ ಬಂದು ಮೂಲೆಯಲ್ಲಿ ಕೂತ.

"ಕಿವಿ ಬಂತು, ಕಾಯಿ ಓಯ್ತು ಸಾವ್ಕಾರ್ರೆ."

ಮೂಳೆಗೆ ಒತ್ತಿದರೆ ಮೊದಲಿನ ಹಾಗೆ ಜೋರಾಗಿ ಮಾತಾಡುವುದಿಲ್ಲವಂತೆ. ದಾರಿ ಸರಿಯಾದ ಮೇಲೆ ಕಳ್ಳದಾರಿಗೆ ಬೆಲೆಯಿಲ್ಲ. ಮುಂದೆ ಹಿಡಿದು ಕುಲುಕಿದರೆ ಕಾಯಿಯ ಜೊತೆಗೆ ಅಂಗಿಯ ತೋಳು, ಪಕ್ಕದಲ್ಲಿರುವ ಮಾರಮ್ಮನ ಬಳೆ, ರಸ್ತೆಯ ಬಸ್ಸು, ಎಲ್ಲ ಒಟ್ಟಿಗೆ ನುಗ್ಗುತ್ತವೆ. ಅಷ್ಟು ಗದ್ದಲದಲ್ಲಿ ಉಂಡೆ ಉರುಳಿದ ಸದ್ದು ಯಾವುದು, ಚಿಪ್ಪಿನ ಸದ್ದು ಯಾವುದು ಎಂದು ಅವನಿಗೆ ತಿಳಿಯುತ್ತಿರಲಿಲ್ಲ. ಇಡೀ ಬದುಕು ಒಂದೇ ಬಾಗಿಲಿನಿಂದ ಹೋಗಿಬಂದವನನ್ನು ಸಂತೆಯ ನಡುವೆ ಬಿಟ್ಟ ಹಾಗಾಗಿತ್ತು.

ಆಮೇಲೆ ಕೇಳಿದ್ದು ಮಾರಮ್ಮನಿಂದ. ಅವನು ಹಿತ್ತಲಲ್ಲಿ ಕೂತು ಕಾಯಿ ಕುಲುಕುತ್ತಾನೆ, ತನಗೆ ತಾನೇ ಒಂದು ಮಾತು ಹೇಳಿ ಒಡೆಯುತ್ತಾನೆ, ಕೆಲವೊಮ್ಮೆ ಹೌದು ಎನ್ನುತ್ತಾನೆ, ಹೆಚ್ಚು ಸಲ ಬೈದುಕೊಳ್ಳುತ್ತಾನೆ. ಒಡೆದದ್ದನ್ನು ಎಸೆಯುವಂತಿಲ್ಲ. "ಬಸ್ಸಾರಿಗೂ ಕಾಯಿ, ಮಜ್ಜಿಗೆಗೂ ಕಾಯಿ. ಇನ್ನೇನು ನೀರಿಗೂ ಕಾಯಿ ರುಬ್ಬಾಕ್ತೀನಿ," ಎಂದಳು. ಆದರೆ ಅವನು ಒಡೆಯುವಾಗ ಅವಳೂ ಪಕ್ಕದಲ್ಲಿ ಕೂರುತ್ತಿದ್ದಳೆಂದು ಸಿದ್ದೇಶ್ವರ ಹೇಳಿದ.

ಆಗ ನಂಜಮ್ಮನವರ ಫೋನ್ ಬಂತು. ಕಾಯಿ ಒಣಗಿದಂತಿದೆ, ಇಲಿ ಕಾಟ ಶುರುವಾಗಿದೆ, ಲಕ್ಕಯ್ಯ ಯಾವಾಗ ಬರುತ್ತಾನೆ? ನಾನು ಏನಾದರೂ ನೆಪ ಹೇಳುವುದರಲ್ಲಿದ್ದೆ. ಪಕ್ಕದಲ್ಲಿದ್ದ ಲಕ್ಕಯ್ಯ ಫೋನಿಗೆ ಕೈಚಾಚಿದ. ಇಸಿದುಕೊಂಡು ಬಲಗಿವಿಗೆ ಇಟ್ಟು, "ನಾಳೆ ಬತ್ತೀನಿ ಕಣವ್ವ," ಎಂದ.

ಮಾರನೆಯ ಬೆಳಿಗ್ಗೆ ನಂಜಮ್ಮನೇ ಏಣಿ ಹಿಡಿದರು. ಮಗ ಶಶಿಕುಮಾರ್ ಕೂಡ ಅಂಗಡಿಗೆ ಹೋಗದೆ ನಿಂತಿದ್ದ. ಆಪರೇಷನ್ನಿನ ಸುದ್ದಿ ಅಷ್ಟು ಹಬ್ಬಿತ್ತು. ಲಕ್ಕಯ್ಯ ಈ ಸಲ ಬೇಗನೆ ಹತ್ತಿದ. ನಾನೂ ಹಿಂದೆಯೇ ಹತ್ತಿ ಕಂಡಿಯಲ್ಲಿ ನಿಂತೆ. ಅವನು ಒಂದು ಕಾಯಿ ಸುಲಿದು ಕಿವಿಯ ಮುಂದೆ ಹಿಡಿದು ಕುಲುಕಿದ. ಇನ್ನೊಮ್ಮೆ. ಕೈ ತನ್ನಷ್ಟಕ್ಕೆ ಹಿಂದಿನ ಮೂಳೆಯ ಕಡೆ ಹೋಯಿತು. ಮುಟ್ಟುವ ಮೊದಲೇ ವಾಪಸು ತಂದ.  ಕೆಳಗೆ ಎಲ್ಲರೂ ಆ ಒಂದು ಮಾತಿಗೆ ಕಾಯುತ್ತಿದ್ದರು.

ಅವನು ಕಂಡಿಯ ಹತ್ತಿರ ಬಂದು ಬಗ್ಗಿದ. "ಅವ್ವ, ನಂಗೆ ಸರ್ಯಾಗ್ ಗೊತ್ತಾಗ್ತಿಲ್ಲ."

ಆ ಮಾತನ್ನು ಅವನ ಬಾಯಲ್ಲಿ ಯಾರೂ ಕೇಳಿರಲಿಲ್ಲ. ಸಿದ್ದೇಶ್ವರ ಎತ್ತಲೋ ನೋಡಿದ. ಶಶಿಕುಮಾರ್ ಗಂಟಲು ಸರಿಮಾಡಿಕೊಂಡ. ನಾನು ಏಣಿಯ ಮೇಲೆ ನಿಂತು, ಈಗ ಇವನು ಇಳಿದರೆ ಮತ್ತೆ ಹತ್ತುವುದಿಲ್ಲ ಎಂದುಕೊಂಡೆ.

"ಕಿವಿ ಒಸದು," ಎಂದು ಅವನೇ ಮುಂದುವರಿಸಿದ. "ಒಂದೊಂದೇ ಯೋಳಿ ಯೋಳಿ ಒಡೀತೀನಿ. ತಪ್ಪಾದ್ರೆ ನೀವೇ ನೋಡಿ. ಒಡೀಲಾ?"

ನಂಜಮ್ಮ ತಲೆಯೆತ್ತಿ, "ಒಡಿ. ಅಟ್ಟದಾಗೆ ಯಾಕೆ, ಇಳ್ದ್ ಬಂದು ಪಡಸಾಲೇಲಿ ಕುಂತ್ಕಂಡು ಒಡಿ. ನಂಗೂ ಕಾಣ್ಲಿ," ಎಂದರು.

ಪಡಸಾಲೆಯ ನಡುವೆ ಚಾಪೆ ಹಾಕಿದರು. ಲಕ್ಕಯ್ಯ ಮೂಲೆಮೂಲೆಯ ಕಾಯಿ ತಂದು ಕೂತ. ಮೊದಲನೆಯದನ್ನು ಕುಲುಕಿ, "ಬಿಟ್ಟೈತೆ," ಎಂದು ಒಡೆದ. ಬಿಟ್ಟಿರಲಿಲ್ಲ; ಒಂದು ಮಗ್ಗುಲು ಚಿಪ್ಪಿಗೆ ಕಚ್ಚಿಕೊಂಡಿತ್ತು.  ಅವನು ಆ ಕಾಯಿಯ ಎರಡು ಹೋಳನ್ನೂ ತಿರುಗಿಸಿ ನೋಡಿದ. ಇನ್ನೊಂದನ್ನು ಎತ್ತಿಕೊಂಡು ಬಹಳ ಹೊತ್ತು ಕುಲುಕಿದ. "ಇದೂ ಅದರಂಗೇ. ಬಿಟ್ಟಿಲ್ಲ." ಒಡೆದ, ಬಿಟ್ಟಿರಲಿಲ್ಲ. ಇನ್ನೊಂದು. "ಇದು ಬಿಟ್ಟೈತೆ." ಉಂಡೆ ಚಾಪೆಯ ಮೇಲೆ ಉರುಳಿತು. ಆಮೇಲೆ ಅವನು ಹೇಳುವುದೂ ಒಡೆಯುವುದೂ ಹದಕ್ಕೆ ಬಂದವು. ಹಿಂದೆ ಕೇಳಿದ್ದ ಮಾತನ್ನೇ ಬೇರೆ ದನಿಯಲ್ಲಿ ಗುರುತು ಹಿಡಿಯುತ್ತಿದ್ದಾನೆಂದು ಮುಖ ಹೇಳುತ್ತಿತ್ತು.

"ಒಲೆ ಮನೆ ಮೇಲಿಂದು ಇಳ್ಸಿ," ಎಂದ ಕೊನೆಗೆ. "ಈ ಕಡೇದು ಬುಡಿ."

ಅವನ ಬಾಯಲ್ಲಿ ಒಂದೇ ಅಟ್ಟಕ್ಕೆ ಎರಡು ಮಾತು ಬಂದಿದ್ದು ಅದೇ ಮೊದಲು. "ಅದ್ಯಾಕಂಗೆ?" ಎಂದರು ನಂಜಮ್ಮ, ಉತ್ತರ ಬಾರದೆಂಬ ಅಭ್ಯಾಸದ ಮೇಲೆ.

"ಒಗೆ ತಗಲ್ತೈತಲ್ಲವ್ವ ಆ ಕಡೇಗೆ. ಬ್ಯಾಗ ಒಣಗ್ತವೆ. ಈ ಕಡೇಗೆ ಎಂಚು ಒಡೆದೈತೆ, ತೇವ."

"ಎಂಚು ಒಡೆದಿರಾದು ಮೊದ್ಲೇ ಯಾಕ್ ಯೋಳ್ನಿಲ್ಲ ನೀನು?"

"ನೀವು ಕೇಳ್ನಿಲ್ಲ."

"ವರ್ಸವರ್ಸವೂ ಕೇಳಿವ್ನಿ ಕಣೋ!"

"ಅವಾಗ ನಂಗೆ ಕೇಳ್ತಿರ್ನಿಲ್ಲ," ಎಂದ ಲಕ್ಕಯ್ಯ. ಪಡಸಾಲೆಯೆಲ್ಲ ನಕ್ಕಿತು, ಅವನೂ ನಕ್ಕ. ಇನ್ನೊಂದು ಸುತ್ತು ಕಾಫಿ ಬಂತು.

ಅಲ್ಲಿಂದ ನನ್ನ ಕಷ್ಟ ಶುರುವಾಯಿತು. ಹಿಂದೆ ಒಂದು ಅಟ್ಟಕ್ಕೆ ಒಂದು ಮಾತು, ಬಂದೆವು, ಹೋದೆವು. ಈಗ ಪ್ರತಿ ಮನೆಯಲ್ಲೂ ಕೇಳಿದ್ದಕ್ಕೆಲ್ಲ ಉತ್ತರ, ಕೇಳದ್ದಕ್ಕೂ ಉತ್ತರ. ಹೆಂಚು, ಇಲಿ, ಸೊಸೆ ಸಮಾಚಾರ. ನಂಜಮ್ಮನವರ ಮನೆಯಲ್ಲಿ ಅವತ್ತು ನಾನು ಹೊರಗೆ ಬಂದು ಗಾಡಿಯಲ್ಲಿ ಕೂತು ಬಹಳ ಹೊತ್ತಾದರೂ ಅವನ ಸುಳಿವಿಲ್ಲ. ಸಾಕಾಗಿ ಹಾರ್ನ್ ಹೊಡೆದೆ.

"ಕೇಳುಸ್ತು ಕಣ್ರೀ, ಕಿವುಡ್ನಾ ನಾನು?" ಎಂದು ಪಡಸಾಲೆಯಿಂದ ಉತ್ತರ ಬಂತು. ಆಸಾಮಿ ಮಾತ್ರ ಬರಲಿಲ್ಲ.